ಫಾರಿನ್‌ನ್ಯಾಗ ರಸ್ತೆ ಮ್ಯಾಲೆ ನಿಂತು ಸಿಗರೇಟ್ ಸೇದಬಹುದೇನ್ರಿ?

ಸೂಟಿ ಹತ್ರ ಬಂತಂದ್ರ ಈ ಪ್ರಶ್ನಿ ಬಂದ ಬರ್ತೈತಿ, ವಿಜಯಪುರದವ್ರು ಕೇಳ್ತಾರ, ಬಾಗಲಕೋಟಿಯವ್ರು ಕೇಳ್ತಾರ, ತಂಬಾಕು ಬೆಳಿಯೋ ನಿಪ್ಪಾಣಿ ಕಡೆಯವ್ರಂತೂ ಕೇಳದ ಬಿಡೂದಿಲ್ಲ. ಮತ್ತೊಮ್ಮೆ ಹೇಳ್ತೀನಿ, ಈ ಸಲ ಪೂರ್ತಿ ಓದ್ರಿ. ಸ್ಮೋಕಿಂಗ್ ಏರಿಯಾ ಅಂತ ಬೋರ್ಡ್ ಇದ್ದಲ್ಲೆ ಸೇದ್ರಿ, ಬ್ಯಾರೆ ಕಡೆ ಬ್ಯಾಡ.

ಇಷ್ಟು ಹೇಳಿದ್ರೂ ಒಂದು ಮಾತು ಯಾರೂ ಬಿಡವಲ್ರು: "ಒಳಗ ಬ್ಯಾಡಂದ್ರ ಹೊರಗ ಬಂದು ಸೇದಿದ್ರಾತು, ಬಯಲಾಗ ಯಾರ ಕೇಳ್ತಾರ?" ಕೇಳ್ತಾರ್ರಿ! ಸಿಂಗಾಪುರದಾಗ ಬಿಲ್ಡಿಂಗ್ ಬಾಗಲದಿಂದ 5 ಮೀಟರ್ ಒಳಗ ಸೇದಂಗಿಲ್ಲ, ಬಸ್ ಸ್ಟಾಪಿನ್ಯಾಗ ಇಲ್ಲ, ಪಾರ್ಕಿನ್ಯಾಗ ಇಲ್ಲ, ನಮ್ಮವ್ರು ಶಾಪಿಂಗ್‌ಗೆ ಹೋಗೇ ಹೋಗೋ ಆರ್ಚರ್ಡ್ ರೋಡ್ ಏರಿಯಾ ಐತೆಲ್ಲ, ಅಲ್ಲಿ 2019ರ ಜನವರಿ 1ರಿಂದ ಗುರುತು ಹಾಕಿದ ಜಾಗಾ ಬಿಟ್ರ ರಸ್ತೆನೂ ಬಂದ್. ಸಿಕ್ಕಬಿದ್ರ 200 ಸಿಂಗಾಪುರ ಡಾಲರ್ ದಂಡ, ಕೋರ್ಟಿಗೆ ಹೋತಂದ್ರ 1000ದ ತನಕ. ಜಪಾನಿನ್ಯಾಗ ನಮ್ಮ ಲೆಕ್ಕ ಪೂರಾ ಉಲ್ಟಾ. ಟೋಕಿಯೋದ ಚಿಯೋದಾ ವಾರ್ಡಿನವ್ರು 2002ರಾಗನ ರಸ್ತೆ ಮ್ಯಾಲೆ ಸೇದಿದವ್ರಿಗೆ ದಂಡ ಹಾಕಾಕ ಶುರು ಮಾಡಿದ್ರು, ರೆಸ್ಟೋರೆಂಟ್ ಒಳಗಿನ ಕಾನೂನು ದೇಶಕ್ಕೆಲ್ಲ ಬಂದಿದ್ದು 2020ರ ಏಪ್ರಿಲ್‌ನ್ಯಾಗ! ಯಾಕಂದ್ರ ಗದ್ದಲದಾಗ ನಡಕೋತ ಹೊಂಟಾಗ ಕೈಯಾಗಿನ ಸಿಗರೇಟಿನ ಕೆಂಡ ಸಣ್ಣ ಹುಡುಗರ ಮಾರಿ ಎತ್ತರಕ್ಕ ಬರ್ತೈತಿ. ತೆಲಿ ಮ್ಯಾಲೆ ಸೂರು ಐತೋ ಇಲ್ಲೋ ನೋಡಬ್ಯಾಡ್ರಿ, ಬಾಜೂಕ ಯಾರು ಅದಾರ ನೋಡ್ರಿ.

ವೇಪ್ (ಬ್ಯಾಟರಿ ಮ್ಯಾಲೆ ನಡಿಯೋ ಇ-ಸಿಗರೇಟ್) ಒಯ್ಯೂ ವಿಚಾರ ಬಿಡ್ರಿ, ಸಿಂಗಾಪುರ, ಥಾಯ್ಲೆಂಡ್ ಎರಡೂ ಕಡೆ ಬ್ಯಾನ್. ಸಿಂಗಾಪುರಕ್ಕ ತಿನ್ನೋ ತಂಬಾಕೂ ಒಯ್ಯಂಗಿಲ್ಲ. ಸಿಗರೇಟಿಗಂತೂ ಅಲ್ಲೆ ಡ್ಯೂಟಿ ಫ್ರೀ ಅನ್ನೂದ ಇಲ್ಲ, ಒಂದ ಪ್ಯಾಕ್ ಇದ್ರೂ ಡಿಕ್ಲೇರ್ ಮಾಡಿ ಟ್ಯಾಕ್ಸ್ ಕಟ್ಟಬೇಕು.

ಇದು ಯಾರೂ ಕೇಳಿಲ್ಲ, ಆದ್ರ ಹೇಳೇ ಬಿಡ್ತೀನಿ. ವಿಮಾನದಾಗ ಸಿಗರೇಟ್ ಬಂದ್ ಇದ್ದರೂ ಟಾಯ್ಲೆಟ್ ಬಾಗಲಕ್ಕ ಆಶ್‌ಟ್ರೇ ಯಾಕ ಇರ್ತೈತಿ? ಇರಬೇಕಂತ ರೂಲ್ಸ್ ಐತಿ. ಯಾರರ ಕದ್ದು ಸೇದಿದ್ರ ಉಳದ ತುಂಡು ಪೇಪರ್ ತುಂಬಿದ ಕಸದ ಡಬ್ಬಿಗೆ ಬೀಳಬಾರದು, ಅದಕ್ಕ. 1973ರಾಗ ಬ್ರೆಝಿಲ್‌ನ ವಾರಿಗ್ ವಿಮಾನ ಪ್ಯಾರಿಸ್‌ಗೆ ಇಳಿಯೂಮುಂದ ಹಿಂದಿನ ಟಾಯ್ಲೆಟ್‌ನ್ಯಾಗ ಬೆಂಕಿ ಹತ್ತಿತ್ತು, 123 ಮಂದಿ ಸತ್ರು, ಬಹಳಷ್ಟು ಮಂದಿ ಹೊಗಿಯಿಂದನ. ಆಮ್ಯಾಲೆ ಲೈಟರ್ ಮನ್ಯಾಗ ಬಿಟ್ಟು ಹೋಗ್ರಿ, ಬ್ಯಾಗಿನ್ಯಾಗ ಇದ್ರ ನಮ್ಮ ಏರ್‌ಪೋರ್ಟಿನ್ಯಾಗನ ತಗಿಸ್ತಾರ.