ಗುದ್ದಲಿ ತಾಗಿದ ಗೆಡ್ಡೆ ಬದುಕುತ್ತದೆಯೇ?

ಚೆಂಡಿನಂಥ ಕೆಂಪು ಹೂ ಬಿಡುವ ಫುಟ್‌ಬಾಲ್ ಲಿಲಿಯ ಎಲೆಗಳು ಚಳಿಗಾಲದ ಹೊತ್ತಿಗೆ ಹಳದಿಯಾಗಿ ಒಣಗಿಹೋಗುತ್ತವೆ. ಅಲ್ಲಿಂದ ಏಪ್ರಿಲ್‌ವರೆಗೆ ಗಿಡವಿದ್ದ ಜಾಗ ಬರೀ ಮಣ್ಣು. ಮೊದಲ ಮಳೆ ಬಿದ್ದೊಡನೆ ಪಾತಿ ಹದಮಾಡಲು ಗುದ್ದಲಿ ಹಿಡಿಯುವುದೂ ಆಗಲೇ. ಕರಕ್ಕನೆ ಸದ್ದಾಗುತ್ತದೆ. ಮಣ್ಣು ಸರಿಸಿದರೆ ಬೆಳ್ಳನೆಯ ಗಾಯದಿಂದ ಅಂಟು ರಸ ಒಸರುತ್ತಿರುವ ಗೆಡ್ಡೆ. ಮೇ ತಿಂಗಳ ಒಂದು ಹೂವಿಗಾಗಿ ವರ್ಷವಿಡೀ ಕಾದವರಿಗೆ ಹೊಟ್ಟೆ ಚುರ್ ಎನ್ನುತ್ತದೆ. ಆದರೂ ಅದನ್ನು ಎಸೆಯಬೇಡಿ. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಆಗಿದೆ ಎನ್ನುವುದೇ ಮುಖ್ಯ.

ಈರುಳ್ಳಿಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಪದರಗಳೆಲ್ಲ ಆಹಾರ ತುಂಬಿಕೊಂಡು ದಪ್ಪವಾದ ಎಲೆಬುಡಗಳು. ಅವೆಲ್ಲ ಬಂದು ಸೇರುವ, ಬೇರು ಹೊರಡುವ, ನಾವು ಹೆಚ್ಚುವಾಗ ಕತ್ತರಿಸಿ ಬಿಸಾಡುವ ಆ ಗಟ್ಟಿ ಬಿಲ್ಲೆಯೇ ನಿಜವಾದ ಕಾಂಡ. ಅದರ ನಡುವೆ, ಪದರಗಳ ರಕ್ಷಣೆಯಲ್ಲಿ, ಬೆಳೆಯುವ ತುದಿ ಇರುತ್ತದೆ. ಫುಟ್‌ಬಾಲ್ ಲಿಲಿಯ ಗೆಡ್ಡೆಯ ರಚನೆಯೂ, ನರ್ಸರಿಗಳಲ್ಲಿ ಅಮರಿಲ್ಲಿಸ್ ಎಂದು ಮಾರುವ ಹಿಪಿಯಾಸ್ಟ್ರಮ್ ಗೆಡ್ಡೆಯ ರಚನೆಯೂ ಇದೇ. ಹಿಪಿಯಾಸ್ಟ್ರಮ್‌ನಲ್ಲಿ ನಾಲ್ಕು ಎಲೆಗೊಂದು ಹೂಗೊಂಚಲಿನಂತೆ ಮುಂದಿನ ಹೂಗಳ ಮೊಗ್ಗು ಆಗಲೇ ಒಳಗೆ ರೂಪುಗೊಂಡಿರುತ್ತದೆ.

ಹಾಗಾಗಿ ಹೊರಗಿನ ಎರಡು ಮೂರು ಪದರ ಸೀಳಿದರೆ ಹೋಗುವುದು ಕೂಡಿಟ್ಟ ಆಹಾರದ ಒಂದು ಪಾಲು ಮಾತ್ರ. ಹೂ ಸಣ್ಣದಾಗಬಹುದು, ಒಂದು ವರ್ಷ ಬಾರದೆಯೂ ಇರಬಹುದು, ಗಿಡ ಉಳಿಯುತ್ತದೆ. ಏಟು ನಡುವಿಗೆ ಬಿದ್ದರೆ ಮೊಗ್ಗು ಹೋಯಿತು. ತಳದ ಬಿಲ್ಲೆ ಪೂರ್ತಿ ಕಳಚಿದರೆ ಬೇರಿಗೆ ನೆಲೆಯೇ ಇಲ್ಲ.

ಹಿಪಿಯಾಸ್ಟ್ರಮ್‌ನ ಗಾಯ ಕೆಲವು ದಿನಗಳಲ್ಲಿ ಕೆಂಪಾಗುವುದನ್ನು ಕಂಡು ರೋಗವೆಂದು ಗಾಬರಿಯಾಗುವವರು ಬಹಳ. ಗಾಯವಾದಾಗ ಗೆಡ್ಡೆ ತಾನೇ ಕೆಂಪು ವರ್ಣದ್ರವ್ಯ ತಯಾರಿಸುತ್ತದೆ. ಕತ್ತರಿಸಿದ ಅಂಚಿಗಷ್ಟೇ ಸೀಮಿತವಾದ, ಒಣಗಿದ ಕೆಂಪಿಗೆ ಹೆದರಬೇಕಿಲ್ಲ. ಗಾಯವಿಲ್ಲದ ಕಡೆಯೂ ಎಲೆ, ಹೂದಂಟಿನ ಮೇಲೆ ಕೆಂಪು ಮಚ್ಚೆ ಹಬ್ಬಿದರೆ ಅದು ಸಾಮಾನ್ಯವಾಗಿ ಶಿಲೀಂಧ್ರ. ಮುಟ್ಟಿದರೆ ಮೆತ್ತಗಾಗಿ ನಾರುತ್ತಿದ್ದರೆ ಬ್ಯಾಕ್ಟೀರಿಯಾದ ಕೊಳೆ.

ಗಾಯದ ಗೆಡ್ಡೆಯನ್ನು ಅಗೆದು ತೆಗೆದು ಮಣ್ಣು ಕೊಡವಿ, ನೀರಿನಲ್ಲಿ ನೆನೆಸಬೇಡಿ. ಅಮರಿಲ್ಲಿಸ್ ಕುಟುಂಬದ ಈ ಹೂಗಿಡಗಳ ರಸದಲ್ಲಿ ಚರ್ಮ ಕೆರಳಿಸುವ ಸೂಜಿಯಂಥ ಹರಳುಗಳೂ ಲೈಕೋರಿನ್ ಎಂಬ ವಿಷವೂ ಇರುವುದರಿಂದ ಕೈಗವಸು ಬೇಕು, ಚೂರುಗಳು ನಾಯಿಯ ಬಾಯಿಗೆ ಸಿಗಬಾರದು. ಸ್ಪಿರಿಟ್‌ನಲ್ಲಿ ಒರೆಸಿದ ಚೂಪು ಚಾಕುವಿನಿಂದ ಜಜ್ಜಿದ ಭಾಗವನ್ನು ನಯವಾಗಿ ಸವರಿ. ಹರಿದ ಅಂಚಿಗಿಂತ ನೇರ ಕೊಯ್ತ ಬೇಗ ಒಣಗುತ್ತದೆ. ಗಾಯಕ್ಕೆ ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕದ ಪುಡಿ ತೆಳ್ಳಗೆ ಉದುರಿಸಿ, ಗಾಳಿಯಾಡುವ ನೆರಳಲ್ಲಿ ಮೂರು ನಾಲ್ಕು ದಿನ ಇಡಿ. ಅಂಚು ಕಾಗದದಂತೆ ಒಣಗಿದ ಮೇಲೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿ, ಹಿಪಿಯಾಸ್ಟ್ರಮ್ ಆದರೆ ಕುತ್ತಿಗೆ ಮೇಲೆ ಕಾಣುವಂತೆ ನೆಡಿ. ಒಂದು ವಾರ ನೀರು ಬೇಡವೇ ಬೇಡ. ಗೆಡ್ಡೆ ಸಾಯುವುದು ಗಾಯದಿಂದಲ್ಲ, ಹಸಿ ಗಾಯಕ್ಕೆ ಅಕ್ಕರೆಯಿಂದ ಹೊಯ್ದ ನೀರಿನಿಂದ.

ಗೆಡ್ಡೆ ಎರಡು ಹೋಳಾಗಿದ್ದರೆ? ಅದೂ ನಷ್ಟವಲ್ಲ. ನಡುವಿನ ತುದಿ ಇರುವಷ್ಟು ದಿನ ಸುತ್ತಲ ಕುಡಿಗಳನ್ನು ಅದು ಅದುಮಿಟ್ಟಿರುತ್ತದೆ. ಅದು ಹೋದರೆ ಪದರ ಮತ್ತು ಬಿಲ್ಲೆ ಕೂಡುವ ಸಂದಿಯಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ನೆದರ್ಲೆಂಡ್ಸ್‌ನ ಹಯಸಿಂತ್ ಹೂವಿನ ಬೆಳೆಗಾರರು ಬೇಕೆಂದೇ ಬಿಲ್ಲೆಗೆ ಗೀರು ಹಾಕಿ ಸಸಿ ಹೆಚ್ಚಿಸುವುದು ಇದೇ ಗುಟ್ಟಿನಿಂದ. ಒಡೆದ ಹಿಪಿಯಾಸ್ಟ್ರಮ್ ಅನ್ನು ಮೇಲಿಂದ ಕೆಳಕ್ಕೆ ಎಂಟು ಹೋಳು ಮಾಡಿ. ಪ್ರತಿ ಹೋಳಿಗೂ ಬಿಲ್ಲೆಯ ಚೂರು ಅಂಟಿರಲೇಬೇಕು. ಶಿಲೀಂಧ್ರನಾಶಕ ಸವರಿ, ಹಿಂಡಿದರೆ ಹನಿ ಬೀಳದಷ್ಟು ತೇವದ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಬಿಲ್ಲೆ ಕೆಳಗಾಗಿ ಹೂಳಿ. ಬೆಂಗಳೂರಿನ ಸಾಮಾನ್ಯ ಬೆಚ್ಚನೆಯ ಹವೆ ಸಾಕು. ಸುಮಾರು ಎಂಟು ವಾರಕ್ಕೆ ಬಟಾಣಿಯಷ್ಟು ಮರಿ ಕಾಣುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆಗೆ ಈ ಕ್ಷಮೆ ಇಲ್ಲ. ಇಂಗ್ಲಿಷಿನ ವಿ ಅಕ್ಷರದಂತೆ ಕವಲೊಡೆಯುವ ಅದರ ಕಣ್ಣು ಕವಲಿನ ತುದಿಯಲ್ಲಿ ಮಾತ್ರ. ಆ ಮೊನೆ ಮುರಿದರೆ ಉಳಿದ ಭಾಗ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಅದನ್ನು ಕೈಯಿಂದಲೇ ಮಣ್ಣು ಬಿಡಿಸಿ ತೆಗೆಯಬೇಕು. ಕಾಲ್ಚಿಸಿನ್ ಇರುವ ವಿಷದ ಗೆಡ್ಡೆ ಅದು, ಮಕ್ಕಳಿಂದ ದೂರ.

ನೆಟ್ಟ ಆಳ ನೆನಪಿದೆ ಎಂಬ ನಂಬಿಕೆಯೂ ಕೈಕೊಡುತ್ತದೆ. ಹಲವು ಜಾತಿಗಳಲ್ಲಿ ಸುಕ್ಕುಗಟ್ಟಿ ಕುಗ್ಗುವ ಬೇರುಗಳಿದ್ದು, ಅವು ಗೆಡ್ಡೆಯನ್ನು ವರ್ಷದಿಂದ ವರ್ಷಕ್ಕೆ ಕೆಳಗೆಳೆಯುತ್ತವೆ. ಮರಿಗಳು ಪಕ್ಕಕ್ಕೂ ಹಬ್ಬುತ್ತವೆ. ಎಲೆ ಹಳದಿಯಾಗುವಾಗಲೇ ಬುಡದ ಸುತ್ತ ಒಂದು ಗೇಣು ಬಿಟ್ಟು ನಾಲ್ಕು ಕಡ್ಡಿ ನೆಡಿ. ಆ ಕಡ್ಡಿಗಳ ಒಳಗೆ ಗುದ್ದಲಿಯ ಬದಲು ಮೂರು ಮೊನೆಯ ಕೈಫೋರ್ಕ್ ಹಿಡಿದು, ಹೊರಗಿನಿಂದ ಒಳಕ್ಕೆ ಮೇಲ್ಮಣ್ಣನ್ನಷ್ಟೇ ಸಡಿಲಿಸಿ.