ಗೇರುಬೀಜದ ಸೊನೆ

ಕಾಸರಗೋಡಿನ ಬದಿಯಡ್ಕದ ಕಡೆಯ ಗುಡ್ಡಗಳಲ್ಲಿ ಬೇಸಿಗೆ ರಜೆ ಕಳೆದವರ ತುಟಿಗೆ ಒಮ್ಮೆಯಾದರೂ ಗೇರುಬೀಜದ ಸೊನೆ ತಾಗಿರುತ್ತದೆ. ನಾನು ಹಸಿಬೀಜವನ್ನು ಹಲ್ಲಿನಿಂದ ಕಚ್ಚಿ ಒಡೆದಿದ್ದೆ. ತುಟಿ ಊದಿ, ಚರ್ಮ ಕಪ್ಪಾಗಿ ಸುಲಿದು ಬಂತು. "ಕಚ್ಚಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ಮಗಾ" ಎನ್ನುತ್ತಲೇ ಅಜ್ಜಿ ತೆಂಗಿನೆಣ್ಣೆ ಹಚ್ಚಿದ್ದರು.

ಕಾಸರಗೋಡಿನಲ್ಲಿ ಗೇರುತೋಟ, ರಾಸಾಯನಿಕ ಎಂದೊಡನೆ ಎಂಡೋಸಲ್ಫಾನ್ ಕೀಟನಾಶಕದ ನೋವು ನೆನಪಾಗುತ್ತದೆ. ಅದು ಮನುಷ್ಯರು ತಂದು ಸುರಿದದ್ದು. ಈ ಸೊನೆ ಮರವೇ ತನ್ನ ಬೀಜದ ಕಾವಲಿಗೆ ತಯಾರಿಸಿಕೊಳ್ಳುವಂಥದ್ದು. ಸಿಪ್ಪೆಯ ಎರಡು ಪದರಗಳ ನಡುವಿನ ಜೇನುಗೂಡಿನಂಥ ಕೋಶಗಳಲ್ಲಿ ಅದು ತುಂಬಿರುತ್ತದೆ. ಬ್ರೆಜಿಲ್‌ನ ಈ ಮರವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು. ಮಲಯಾಳದಲ್ಲಿ ಇಂದಿಗೂ ಅದಕ್ಕೆ ಪರಂಗಿ ಮಾವು, ಅಂದರೆ ಪೋರ್ಚುಗೀಸರ ಮಾವು, ಎನ್ನುವುದುಂಟು. ಹೆಸರು ತಪ್ಪಲ್ಲ: ಗೇರು, ಮಾವು ಒಂದೇ ಕುಟುಂಬದವು, ಮಾವಿನ ಸೊನೆಯೂ ಸುಡುತ್ತದೆ.

ಹಸಿ ಸೊನೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲದ್ದು. ಅದರ ಅಣುವಿಗೆ ಸ್ಯಾಲಿಸಿಲಿಕ್ ಆಮ್ಲದ ತಲೆ, 15 ಕಾರ್ಬನ್‌ಗಳ ಉದ್ದ ಬಾಲ. ತೊಂದರೆಯೂ ಉಪಯೋಗವೂ ಆ ಬಾಲದಲ್ಲೇ ಇದೆ. ಬಾಲಕ್ಕೆ ನೀರು ಒಗ್ಗದು, ಜಿಡ್ಡು ಒಗ್ಗುತ್ತದೆ. ಹಾಗಾಗಿ ಸೊನೆ ಚರ್ಮದ ಜಿಡ್ಡಿನೊಳಗೆ ಇಳಿಯುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ. ಎಳೆಬೀಜ ಸೀಳುವ ಮೊದಲು ನಮ್ಮ ಹೆಂಗಸರು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದರ ಗುಟ್ಟು ಇದು: ಸೊನೆ ಮೊದಲು ಆ ಎಣ್ಣೆಯಲ್ಲಿ ಬೆರೆಯುತ್ತದೆ, ಆಮೇಲೆ ಸೋಪು ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ಎಷ್ಟು ಚೆಂದದ ರಸಾಯನಶಾಸ್ತ್ರ!

ಕಾಯಿಸಿದರೆ ಆಮ್ಲದಿಂದ ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡು ಕಾರ್ಡನಾಲ್ ಉಳಿಯುತ್ತದೆ. ಫಾರ್ಮಾಲ್ಡಿಹೈಡ್ ಜೊತೆ ಸೇರಿಸಿದರೆ ಅದು ಗಟ್ಟಿ ರಾಳವಾಗಿ ವಾಹನಗಳ ಬ್ರೇಕ್ ಲೈನಿಂಗ್‌ಗೆ ಬರುತ್ತದೆ. ಬಣ್ಣ, ವಾರ್ನಿಷ್‌ಗೂ ಬೇಕು. ಹೀಗೆ ಕಾಯಿಸಿದ ಸೊನೆಯ ಎಣ್ಣೆಯನ್ನು ಗೆದ್ದಲು ಹಿಡಿಯದಂತೆ ಮಾಡಿನ ಪಕ್ಕಾಸಿಗೆ, ನೀರು ಹೀರದಂತೆ ದೋಣಿಗೆ ಬಳಿಯುವುದು ಹಳೆಯ ರೂಢಿ.

ಕಾಯಿಸಿದ ಎಣ್ಣೆಯೂ ಸಾಧುವಲ್ಲ, ಕಾರ್ಡಾಲ್ ಎಂಬ ಇನ್ನೊಂದು ಅಂಶ ಅದರಲ್ಲಿ ಉಳಿದಿರುತ್ತದೆ. ಬಳಿಯುವವರಿಗೆ ಕೈಗವಸು ಬೇಕೇ ಬೇಕು. ಬೀಜ ಸುಡುವುದಾದರೆ ಬಯಲಲ್ಲೇ ಸುಡಿ, ಗಾಳಿ ಬರುವ ಬದಿಗೆ ನಿಲ್ಲಿ; ಆ ಹೊಗೆ ಕಣ್ಣಿಗೆ, ಶ್ವಾಸಕೋಶಕ್ಕೆ ಕೆಟ್ಟದು. ಸೊಂಯ್ ಎಂದು ಚಿಮ್ಮುವ ಎಣ್ಣೆಗೆ ಬೆಂಕಿ ಹತ್ತುತ್ತದೆ, ಮಕ್ಕಳು ದೂರವಿರಲಿ. ಉರಿ ಆರಿದ ಮೇಲೆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಅಂಟಿದ ಎಣ್ಣೆಯನ್ನು ಬೂದಿ ಹೀರಿಕೊಂಡ ಬಳಿಕವೇ ಕಲ್ಲಿನಲ್ಲಿ ಗುದ್ದಿ ಒಡೆಯಿರಿ.