ಅಂಗಳದ ಕೋಲು, ಮಧ್ಯಾಹ್ನದ ನೆರಳು

ಮಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ್ 22ರಂದು 73.6 ಸೆಂ.ಮೀ. ಉದ್ದ ಇರುತ್ತದೆ. ಮಾರ್ಚ್ 21ರ ಹೊತ್ತಿಗೆ ಅದು 23 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್ 24ರಂದು ನೆರಳೇ ಇಲ್ಲ. ಹೈಸ್ಕೂಲಿನ ಖಗೋಳ ಪಾಠಕ್ಕೆ ಬೇಕಾದ ಮುಕ್ಕಾಲು ಪಾಲು ಈ ಮೂರು ಅಳತೆಗಳೊಳಗೇ ಇದೆ. ಭೂಮಿಯ ವಾಲಿಕೆ, ಊರಿನ ಅಕ್ಷಾಂಶ, ಋತುಗಳು, ಕೊನೆಗೆ ಭೂಮಿಯ ಸುತ್ತಳತೆ ಕೂಡ ಇದರಿಂದಲೇ ಸಿಗುತ್ತವೆ.

ರಾತ್ರಿ ಆಕಾಶ ತೋರಿಸಬೇಕು, ನಿಜ. ಆದರೆ ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳನ್ನು ರಾತ್ರಿ ಎಂಟರವರೆಗೆ ಶಾಲೆಯಲ್ಲಿ ನಿಲ್ಲಿಸಿಕೊಳ್ಳುವುದು ಸುಲಭವಲ್ಲ. ಧ್ರುವ ನಕ್ಷತ್ರ ಉಡುಪಿಯಲ್ಲಿ ಕ್ಷಿತಿಜದಿಂದ ಬರೀ 13 ಡಿಗ್ರಿ ಮೇಲಿದೆ, ತೆಂಗಿನ ತೋಟದ ಹಿಂದೆ ಅಡಗಿಬಿಡುತ್ತದೆ. ಪಿಲಿಕುಳದ ತಾರಾಲಯಕ್ಕೆ ವರ್ಷಕ್ಕೊಮ್ಮೆ ಹೋಗಿಬರಬಹುದು. ಸೂರ್ಯನಾದರೆ ನವೆಂಬರಿನಿಂದ ಮಾರ್ಚ್‌ವರೆಗೆ ದಿನಾ ಶಾಲೆಯ ಅಂಗಳಕ್ಕೇ ಬರುತ್ತಾನೆ. ವಾರಕ್ಕೊಂದು ಅಳತೆ ಸಾಕು, ಆದರೆ ಅದು ಸರಿಯಾದ ಅಳತೆಯಾಗಿರಬೇಕು.

ಬರೀ ಕೋಲು ನೆಟ್ಟರೆ ಮೊದಲ ತೊಡಕು ನೆರಳಿನ ತುದಿಯಲ್ಲೇ ಎದುರಾಗುತ್ತದೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ನೆರಳಿನ ತುದಿ ಒಮ್ಮೆಗೇ ಮುಗಿಯುವುದಿಲ್ಲ, ಡಿಸೆಂಬರಿನಲ್ಲಿ ಸುಮಾರು 1.4 ಸೆಂ.ಮೀ. ಉದ್ದಕ್ಕೆ ಮಸುಕಾಗುತ್ತಾ ಕರಗುತ್ತದೆ. ಆ ದಿನ ಉಡುಪಿಯ ನೆರಳಿಗೂ ಮಂಗಳೂರಿನ ನೆರಳಿಗೂ ಇರುವ ವ್ಯತ್ಯಾಸ ಇದಕ್ಕಿಂತ ಕಡಿಮೆ, 1.1 ಸೆಂ.ಮೀ. ಮಾತ್ರ. ನಾಲ್ಕು ಮಕ್ಕಳು ಅಳೆದರೆ ನಾಲ್ಕು ಉತ್ತರ ಬರುವುದು ಇದಕ್ಕೇ. ಅದು ಅವರ ತಪ್ಪಲ್ಲ.

ಪರಿಹಾರ ಒಂದು ತೂತು. ಬಿಸ್ಕತ್ತು ಡಬ್ಬದ ತಗಡನ್ನು ಅಂಗೈಯಗಲ ಕತ್ತರಿಸಿ, ನಡುವೆ 4 ಮಿ.ಮೀ. ತೂತು ಕೊರೆದು, ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಕೂರಿಸಿ. ತಗಡಿನ ನೆರಳಿನ ಮಧ್ಯೆ ಒಂದೂವರೆ ಸೆಂ.ಮೀ. ಅಗಲದ ಬೆಳಕಿನ ಮಚ್ಚೆ ಬೀಳುತ್ತದೆ. ಅದು ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಂದು ಮಂಗಳೂರಿನಲ್ಲಿ ಇಂಥ ತೂತಿನಡಿ ಬಳೆಯಾಕಾರದ ಬೆಳಕು ಬಿದ್ದದ್ದು ಇದೇ ಕಾರಣಕ್ಕೆ. ಮಚ್ಚೆಯ ನಟ್ಟನಡುವೆ ಪೆನ್ಸಿಲ್ ಗುರುತು ಹಾಕಿದರೆ ಒಂದೆರಡು ಮಿಲಿಮೀಟರಿನೊಳಗೆ ಅಳತೆ ಸಿಗುತ್ತದೆ. ಸೂರ್ಯನತ್ತ ಯಾರೂ ತಲೆ ಎತ್ತಬೇಕಾಗಿಲ್ಲ, ಎತ್ತಲೂ ಬಾರದು.

ತೂತಿನಿಂದ ಮೇಸ್ತ್ರಿಗಳ ತೂಕದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವ ಜಾಗವನ್ನು ಬುಡವೆಂದು ಗುರುತಿಸಿ. ಆಗ ಸ್ಟ್ಯಾಂಡ್ ತುಸು ವಾಲಿದ್ದರೂ ಚಿಂತೆಯಿಲ್ಲ, ಏಕೆಂದರೆ ಅಳೆಯುವುದು ಸ್ಟ್ಯಾಂಡಿನ ಕಾಲಿನಿಂದಲ್ಲ, ಗುಂಡಿನ ಬುಡದಿಂದ. ಬರೀ ಕೋಲಾದರೆ ಒಂದು ಡಿಗ್ರಿ ವಾಲಿದರೂ ತುದಿ 1.75 ಸೆಂ.ಮೀ. ಸರಿದುಬಿಡುತ್ತದೆ.

ನೆಲ ಮಟ್ಟವಾಗಿರುವುದು ಇದಕ್ಕಿಂತ ಮುಖ್ಯ. ಕರಾವಳಿಯಲ್ಲಿ ಮಳೆನೀರು ಹರಿದುಹೋಗಲೆಂದೇ ಅಂಗಳವನ್ನೂ ಜಗಲಿಯನ್ನೂ ಇಳಿಜಾರಾಗಿ ಕಟ್ಟುತ್ತಾರೆ. ಕಣ್ಣಿಗದು ಕಾಣುವುದಿಲ್ಲ. ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ನೆರಳಿನ ದಿಕ್ಕಿಗೇ ಇದ್ದರೆ ಡಿಸೆಂಬರಿನ ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಾಗುತ್ತದೆ. ಒಂದು ಪ್ಲೈವುಡ್ ಹಲಗೆ ಹಾಸಿ, ಅಡಿಗೆ ರಟ್ಟಿನ ಚೂರು ಕೊಟ್ಟು, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ತೂತಿನ ಎತ್ತರವನ್ನು ಹಲಗೆಯ ಮೇಲಿನಿಂದ ಅಳೆದು ಸರಿಯಾಗಿ 100 ಸೆಂ.ಮೀ.ಗೆ ನಿಲ್ಲಿಸಿ.

ಮಧ್ಯಾಹ್ನವೆಂದರೆ ಗಡಿಯಾರದ ಹನ್ನೆರಡಲ್ಲ. ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ನೇರವಾಗಿ ಹಿಡಿಯುವುದೂ ಕಷ್ಟ, ಆ ಹೊತ್ತಿಗೆ ಉದ್ದ ಬದಲಾಗುವುದೇ ಗೊತ್ತಾಗುವುದಿಲ್ಲ. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳು 12 ಅಂಗುಲದ ಶಂಕು ನೆಟ್ಟು ಸುತ್ತ ವೃತ್ತ ಎಳೆಯಲು ಹೇಳುತ್ತವೆ. ಅದಕ್ಕಿಂತ ಒಳ್ಳೆಯ ಉಪಾಯ ಇಂದಿಗೂ ಇಲ್ಲ. 11.15ಕ್ಕೆ ಮಚ್ಚೆ ಎಲ್ಲಿದೆಯೋ ಗುರುತಿಸಿ, ಬುಡದಿಂದ ಅಲ್ಲಿಗೆ ದಾರ ಹಿಡಿದು ವೃತ್ತ ಎಳೆಯಿರಿ. ಮಚ್ಚೆ ವೃತ್ತದೊಳಕ್ಕೆ ಸರಿದು, ಊಟದ ಬಿಡುವು ಕಳೆದ ಮೇಲೆ ಮತ್ತೆ ವೃತ್ತ ಮುಟ್ಟುತ್ತದೆ. ಡಿಸೆಂಬರ್ 22ರಂದು ಅದು ಸುಮಾರು 1.43ಕ್ಕೆ. ಎರಡರ ನಡುವಿನ ಸಮಯ 12.29, ಅದೇ ಮಂಗಳೂರಿನ ಮಧ್ಯಾಹ್ನ. ಎರಡು ಗುರುತುಗಳನ್ನು ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಬುಡದಿಂದ ಅದಕ್ಕೆ ಎಳೆದ ಲಂಬ ಉತ್ತರ-ದಕ್ಷಿಣ. ಕಾಂಕ್ರೀಟಿನೊಳಗಿನ ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ, ಈ ಗೆರೆಯನ್ನು ಯಾವುದೂ ಎಳೆಯುವುದಿಲ್ಲ. ಸಮಯಕ್ಕೆ ಮಾತ್ರ ಮೊಬೈಲ್ ನೋಡಿ, ಸ್ಟಾಫ್ ರೂಮಿನ ಗೋಡೆ ಗಡಿಯಾರ ಬೇಡ.

12.29 ಏಕೆ? ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಮಂಗಳೂರು ಇರುವುದು 74.85ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ. ಅದೂ ಸ್ಥಿರವಲ್ಲ. ನವೆಂಬರ್ ಮೊದಲ ವಾರದಲ್ಲಿ ಮಧ್ಯಾಹ್ನ 12.14ಕ್ಕೆ, ಫೆಬ್ರವರಿ ನಡುವೆ 12.45ಕ್ಕೆ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದು ಮತ್ತು ಅಕ್ಷ ವಾಲಿರುವುದು, ಇವೆರಡೂ ಸೇರಿ ಸೂರ್ಯನನ್ನು ಹೀಗೆ ಹಿಂದೆ ಮುಂದೆ ಮಾಡುತ್ತವೆ.

ಉದ್ದದಿಂದ ಕೋನ ಪಡೆಯಲು ಹತ್ತನೆಯವರಿಗೆ ಟ್ಯಾನ್ ಗೊತ್ತಿರುತ್ತದೆ. ಎಂಟನೆಯವರು ಹತ್ತನೇ ಒಂದು ಪ್ರಮಾಣದಲ್ಲಿ ಚಿತ್ರ ಬರೆದು ಕೋನಮಾಪಕ ಇಡಲಿ. 73.6 ಎಂದರೆ 36.3 ಡಿಗ್ರಿ. ಮಾರ್ಚ್ 21ರ ಹೊತ್ತಿಗೆ ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುವುದರಿಂದ, ಆಗಿನ ಸುಮಾರು 12.9 ಡಿಗ್ರಿಯೇ ನಮ್ಮ ಅಕ್ಷಾಂಶ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಭೂಮಿಯ ವಾಲಿಕೆ, 23.4.

ವಾರದ ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಹಾಕುತ್ತಾ ಹೋದರೆ ಮಕ್ಕಳೇ ಒಂದು ಪ್ರಶ್ನೆ ಎತ್ತುತ್ತಾರೆ. ಉತ್ತರಾಯಣ ಮಕರ ಸಂಕ್ರಾಂತಿಗೆ ಶುರು ಎನ್ನುತ್ತಾರೆ, ಆದರೆ ಜನವರಿ 14ಕ್ಕೆ ನೆರಳು ಆಗಲೇ 68 ಸೆಂ.ಮೀ.ಗೆ ಇಳಿದಿದೆಯಲ್ಲ? ತಿರುಗಿದ್ದು ಡಿಸೆಂಬರಿನಲ್ಲೇ. ತುಳುನಾಡಿನ ಹೊಸ ವರ್ಷವಾದ ಬಿಸು (ವಿಷು) ಪರ್ಬದ್ದೂ ಇದೇ ಕತೆ. ವಿಷು ಎಂದರೆ ಹಗಲು ರಾತ್ರಿ ಸಮವಾಗುವ ದಿನ. ಈಗ ಸಮವಾಗುವುದು ಮಾರ್ಚ್ 20–21ರ ಸುಮಾರಿಗೆ, ಬಿಸು ಬರುವುದು ಏಪ್ರಿಲ್ ನಡುವೆ, ನೆರಳು ಆರೇ ಸೆಂ.ಮೀ. ಇರುವಾಗ. ನಮ್ಮ ಸೌರಮಾನ ಸೂರ್ಯನನ್ನು ನಕ್ಷತ್ರಗಳಿಗೆ ಹೋಲಿಸಿ ಎಣಿಸುತ್ತದೆ, ಋತುಗಳು ಅಕ್ಷದ ವಾಲಿಕೆಯನ್ನು ಅನುಸರಿಸುತ್ತವೆ. ಆ ಅಕ್ಷ ಬುಗುರಿಯಂತೆ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುತ್ತದೆ, ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಪಂಚಾಂಗ ತಪ್ಪಿಲ್ಲ, ಅದು ಅಳೆಯುವುದು ಬೇರೆಯದನ್ನು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

ಭೂಮಿಯ ಸುತ್ತಳತೆಗೆ ಜೊತೆಗಾರ ಶಾಲೆ ಬೇಕು. ಉಡುಪಿ-ಮಂಗಳೂರು ಜೋಡಿ ಬೇಡ. ಮಾರ್ಚಿನ ನೆರಳಿನಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ 30 ಕಿ.ಮೀ. ತಪ್ಪಿದಂತೆ, ಇವೆರಡರ ನಡುವೆ ಉತ್ತರ-ದಕ್ಷಿಣವಾಗಿ ಇರುವುದೇ 50 ಕಿ.ಮೀ. ಬೀದರ್ ಒಳ್ಳೆಯದು. ಮಾರ್ಚ್ 21ರಂದು ಅಲ್ಲಿನ ನೆರಳು 32 ಸೆಂ.ಮೀ., ಕೋನದ ವ್ಯತ್ಯಾಸ ಐದು ಡಿಗ್ರಿ. ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಐದು ಡಿಗ್ರಿ 72 ಸಲ ಇದೆ. ಉತ್ತರ-ದಕ್ಷಿಣ ದೂರ 555 ಕಿ.ಮೀ., ಅದನ್ನು 72ರಿಂದ ಗುಣಿಸಿದರೆ ಸುತ್ತಳತೆ 39,960 ಕಿ.ಮೀ. ಬಸ್ಸಿನ ದಾರಿಯ ದೂರ ಹಾಕಿದರೆ ಲೆಕ್ಕ ಕೆಟ್ಟಿತು. ಎರಡೂ ಕಡೆ ಒಂದೇ ಗಂಟೆಗೆ ಅಳೆದರೂ ಕೆಟ್ಟಿತು, ಬೀದರಿನ ಮಧ್ಯಾಹ್ನ ನಮ್ಮದಕ್ಕಿಂತ ಹತ್ತು ನಿಮಿಷ ಮೊದಲು.

ನೆರಳಿಲ್ಲದ ದಿನ ಮಂಗಳೂರಿಗೆ ಏಪ್ರಿಲ್ 24, ಉಡುಪಿಗೆ 25. ಆಗ ಬೇಸಿಗೆ ರಜೆ. ಆಗಸ್ಟ್ 17–18ರಂದು ಮತ್ತೊಮ್ಮೆ ಬರುತ್ತದೆ, ಆದರೆ ಸಾಮಾನ್ಯವಾಗಿ ಮೋಡ. ಅದಕ್ಕೇ ಹಲಗೆ, ತಗಡು, ಗುಂಡನ್ನು ರಜೆಗೆ ಮೊದಲು ಒಳಗಿಡುವಾಗ ಕೈಗೆ ಸಿಗುವಂತೆ ಇಡಿ. ಮೇ ಕೊನೆಯಲ್ಲಿ ಶಾಲೆ ತೆರೆದಾಗ ಮಳೆ ಹಿಡಿಯುವ ಮೊದಲು ಒಂದೆರಡು ಬಿಸಿಲಿನ ಮಧ್ಯಾಹ್ನ ಸಿಕ್ಕರೂ ಸಿಗಬಹುದು. ಆ ದಿನ ಮಚ್ಚೆ ಬೀಳುವುದು ಬುಡದಿಂದ 15 ಸೆಂ.ಮೀ. ದೂರದಲ್ಲಿ, ವರ್ಷವಿಡೀ ಗುರುತು ಹಾಕಿದ್ದ ಉತ್ತರದ ಕಡೆಗಲ್ಲ, ದಕ್ಷಿಣಕ್ಕೆ.